ಶಿಬ್ಡೆನ್ ಮನೆಯ ದಿನಚರಿ

‘ಜೆಂಟಲ್‌ಮನ್ ಜ್ಯಾಕ್’ ಎಂಬ ಇಂಗ್ಲಿಷ್ ಧಾರಾವಾಹಿಯನ್ನು ನಾನು ನೋಡಿದ್ದು ತಡವಾಗಿ. ಅದನ್ನು ನೋಡಿದವರು ಆಡಿದ ಮಾತುಗಳನ್ನೇ ಮೊದಲು ಓದಿದೆ. ಧಾರಾವಾಹಿ ಆಮೇಲೆ ಬಂತು. ಊಟಕ್ಕೆ ಮೊದಲೇ ಎಲೆಯಡಿಕೆ ಹಾಕಿಕೊಂಡಂತಾಯಿತು. ಆದರೆ ಅದರಿಂದ ಒಂದು ಲಾಭವೂ ಆಯಿತೆನ್ನಬೇಕು. ಪ್ರೇಕ್ಷಕರ ಅಭಿಪ್ರಾಯಗಳು ಇತಿಹಾಸಕ್ಕೆ ಏನು ಮಾಡಬಲ್ಲವು ಎಂಬುದನ್ನು ಇಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲೂ ಕಂಡಿರಲಿಲ್ಲ.

ಸ್ಯಾಲಿ ವೇನ್‌ರೈಟ್ ಬರೆದ ಈ ಧಾರಾವಾಹಿಯ ಮೊದಲ ಭಾಗ ೨೦೧೯ರಲ್ಲಿ ಬಂತು, ಎರಡನೆಯದು ೨೦೨೨ರಲ್ಲಿ. ಕಥಾನಾಯಕಿ ಆ್ಯನ್ ಲಿಸ್ಟರ್ (೧೭೯೧–೧೮೪೦), ಯಾರ್ಕ್‌ಷೈರಿನ ಹ್ಯಾಲಿಫ್ಯಾಕ್ಸ್ ಊರಿನ ಬಳಿ ಶಿಬ್ಡೆನ್ ಹಾಲ್ ಎಂಬ ಹಳೆಯ ಮನೆಯ ಒಡತಿ. ಹೊಲಗದ್ದೆ, ಒಕ್ಕಲು, ಕಲ್ಲಿದ್ದಲ ಗಣಿ ಎಲ್ಲವನ್ನೂ ತಾನೇ ನಿಂತು ನಡೆಸಿದವಳು. ಕಪ್ಪು ಉಡುಪು, ಗಂಡುನಡೆ. ಹೆಂಗಸರನ್ನಲ್ಲದೆ ಬೇರೆ ಯಾರನ್ನೂ ಪ್ರೀತಿಸಲಾರೆನೆಂದು ನಿಸ್ಸಂಕೋಚವಾಗಿ ಅರಿತವಳು. ಊರಿನವರು ಅಪಹಾಸ್ಯಕ್ಕೆ ಇಟ್ಟ ಅಡ್ಡಹೆಸರೇ ಧಾರಾವಾಹಿಯ ಹೆಸರಾಗಿದೆ. ನೆರೆಯ ಶ್ರೀಮಂತೆ ಆ್ಯನ್ ವಾಕರ್‌ಳೊಡನೆ ಅವಳ ಪ್ರಣಯವೇ ಕಥೆ.

ಇದೆಲ್ಲ ನಮಗೆ ಗೊತ್ತಾದದ್ದು ಅವಳ ದಿನಚರಿಯಿಂದ. ಸುಮಾರು ಐವತ್ತು ಲಕ್ಷ ಪದಗಳ ಬರಹ ಅದು. ಅದರಲ್ಲಿ ಆರನೆಯ ಒಂದು ಪಾಲು ಗ್ರೀಕ್ ಅಕ್ಷರ, ಬೀಜಗಣಿತದ ಚಿಹ್ನೆಗಳನ್ನೆಲ್ಲ ಬೆರೆಸಿ ಹೆಣೆದ ಗೂಢಲಿಪಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅದೇ ಮನೆತನದ ಜಾನ್ ಲಿಸ್ಟರನೂ ಅವನ ಗೆಳೆಯ, ಉಪಾಧ್ಯಾಯ ಆರ್ಥರ್ ಬರೆಲನೂ ಕೂತು ಲಿಪಿಯನ್ನು ಬಿಡಿಸಿದರು. ‘ಹೋಪ್’ ಎಂಬ ಒಂದು ಪದವನ್ನು ಊಹಿಸಿ, ಅದರ ಅಕ್ಷರಗಳಿಂದ ಉಳಿದವುಗಳತ್ತ ನಡೆದರಂತೆ. ಓದಿದ ಮೇಲೆ ಬರೆಲನ ಸಲಹೆ: ಸುಟ್ಟುಬಿಡು. ಜಾನ್ ಸುಡಲಿಲ್ಲ, ಗೋಡೆಯ ಹಲಗೆಯ ಹಿಂದೆ ಬಚ್ಚಿಟ್ಟ. ಹಳೆಯ ಕಟ್ಟುಗಳೊಡನೆ ಒಡನಾಡಿದವರು ಈ ಮನುಷ್ಯನಿಗೆ ಮನಸ್ಸಿನಲ್ಲೇ ಕೈಮುಗಿಯುತ್ತಾರೆ. ಗೂಢಲಿಪಿಯ ಭಾಗಗಳನ್ನು ಮುಚ್ಚುಮರೆಯಿಲ್ಲದೆ ಹೆಲೆನಾ ವಿಟ್‌ಬ್ರೆಡ್ ಅಚ್ಚಿಗೆ ಕೊಟ್ಟದ್ದು ೧೯೮೮ರಲ್ಲಿ.

ಇನ್ನು ಪ್ರೇಕ್ಷಕರ ಮಾತು. ನಾಯಕಿ ನಡುನಡುವೆ ನಮ್ಮತ್ತ ತಿರುಗಿ ಮಾತನಾಡುತ್ತಾಳೆಂದು ಕೆಲವರ ಆಕ್ಷೇಪ. ಕಂಪನಿ ನಾಟಕಗಳ ಸ್ವಗತವನ್ನು ಕೇಳಿ ಬೆಳೆದ ನನಗೆ ಅದು ದೋಷವಾಗಿ ಕಾಣಲಿಲ್ಲ; ದಿನಚರಿಯೆಂಬುದೇ ಒಂದು ಸ್ವಗತವಲ್ಲವೆ? ಆದರೆ ಬಹು ಮಂದಿ ಆಡಿದ್ದು ಕೃತಜ್ಞತೆಯ ಮಾತು. ತಮ್ಮಂಥವರು ಹಿಂದೆಯೂ ಇದ್ದರು, ಅಳುತ್ತ ಸಾಯದೆ ತಲೆಯೆತ್ತಿ ಬಾಳಿದ್ದರು ಎಂದು ಕಂಡ ಹೆಂಗಸರ ಮಾತು ಅದು. ಅದು ಎಷ್ಟು ಬಲವಾಗಿತ್ತೆಂದರೆ, ಆ ಪ್ರೇಕ್ಷಕರ ಬದುಕನ್ನೇ ವಸ್ತುವಾಗಿಟ್ಟುಕೊಂಡು ಬಿ.ಬಿ.ಸಿ. ೨೦೨೨ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ತೆಗೆಯಿತು. ನಗುವವರು ನಗಲಿ. ಪೂರ್ವಿಕರಿಲ್ಲದವರಿಗೆ ಪೂರ್ವಿಕರು ಸಿಕ್ಕ ಸಂತೋಷ, ಮನೆತುಂಬ ವಂಶಾವಳಿ ಇರುವ ನಮಗೆ ಅರ್ಥವಾಗುವುದು ಕಷ್ಟ.

ಹೆಸರಿಗಾಗಿ ಜಗಳವೂ ನಡೆದಿತ್ತು, ಧಾರಾವಾಹಿಗೂ ಮುಂಚೆಯೇ. ಯಾರ್ಕ್ ನಗರದ ಗುಡ್‌ರಾಮ್‌ಗೇಟಿನ ಹೋಲಿ ಟ್ರಿನಿಟಿ ಚರ್ಚಿನಲ್ಲಿ ೧೮೩೪ರ ಈಸ್ಟರ್ ದಿನ ಇಬ್ಬರು ಆ್ಯನ್‌ರೂ ಒಟ್ಟಿಗೆ ಪ್ರಸಾದ ಸ್ವೀಕರಿಸಿ, ತಮ್ಮ ಮಟ್ಟಿಗೆ ಅದೇ ಮದುವೆಯೆಂದುಕೊಂಡರು. ೨೦೧೮ರಲ್ಲಿ ಅಲ್ಲಿ ಇಟ್ಟ ಸ್ಮಾರಕ ಫಲಕ ಲಿಸ್ಟರಳನ್ನು ಲಿಂಗರೂಢಿಗೆ ಒಗ್ಗದ ಉದ್ಯಮಿ ಎಂದು ಬಣ್ಣಿಸಿತ್ತು. ‘ಲೆಸ್ಬಿಯನ್’ ಎಂಬ ಪದ ಮಾತ್ರ ಇರಲಿಲ್ಲ. ಜನ ಪ್ರತಿಭಟಿಸಿದರು, ೨೦೧೯ರಲ್ಲಿ ಆ ಪದವಿರುವ ಬೇರೆ ಫಲಕ ಬಂತು. ಬರೆಲನ ಬೆಂಕಿಗೂ ಈ ಸುತ್ತುಮಾತಿಗೂ ನನಗೆ ಬಹಳ ಅಂತರ ಕಾಣುವುದಿಲ್ಲ.

ನನಗೆ ಹೆಚ್ಚು ನಾಟಿದ್ದು ಇನ್ನೊಂದು ಆಕ್ಷೇಪ: ಒಬ್ಬ ಜಮೀನ್ದಾರಿಣಿಯನ್ನು ವೀರನಾರಿ ಮಾಡಿದ್ದೀರಿ ಎಂಬುದು. ಮಾತು ನಿಜ. ಲಿಸ್ಟರ್ ಕಡು ಟೋರಿ. ಹೆಣ್ಣಾದ್ದರಿಂದ ತನಗೆ ಮತವಿಲ್ಲ. ಆದರೆ ತನ್ನ ಒಕ್ಕಲುಗಳು ಯಾರಿಗೆ ಮತ ಕೊಡಬೇಕೆಂದು ಒತ್ತಾಯ ಹೇರಿದಳು. ಗುಪ್ತ ಮತದಾನ ಆ ದೇಶಕ್ಕೆ ಬಂದದ್ದು ೧೮೭೨ರಲ್ಲಿ. ಅಲ್ಲಿಯವರೆಗೆ ಒಡೆಯರ ಕಣ್ಣು ತಪ್ಪಿಸಿ ಮತ ಕೊಡುವಂತಿರಲಿಲ್ಲ. ಧಾರಾವಾಹಿ ಇದನ್ನು ಮರೆಮಾಚುವುದಿಲ್ಲವಾದರೂ ಅವಳ ಚುರುಕು ನಡಿಗೆಯೂ ಹಿನ್ನೆಲೆಯ ಸಂಗೀತವೂ ಸೇರಿ ನಮ್ಮನ್ನು ಅವಳ ಪಕ್ಷಕ್ಕೆ ಎಳೆದುಬಿಡುತ್ತವೆ. ದಿನಚರಿ ಹಾಗೆ ಎಳೆಯುವುದಿಲ್ಲ. ಆ್ಯನ್ ವಾಕರ್‌ಳ ಮೇಲಿನ ಒಲವೂ ಅವಳ ಆಸ್ತಿಯ ಲೆಕ್ಕವೂ ಅಲ್ಲಿ ಅಕ್ಕಪಕ್ಕದಲ್ಲೇ ಕುಳಿತಿವೆ.

ಪ್ರೇಕ್ಷಕರನ್ನು ನಾನು ಮೆಚ್ಚುವುದು ಇಲ್ಲೇ. ಅವರು ಅಭಿಪ್ರಾಯ ಹೇಳಿ ಎದ್ದುಹೋಗಲಿಲ್ಲ, ಮೂಲವನ್ನು ಕೇಳಿದರು. ಪಶ್ಚಿಮ ಯಾರ್ಕ್‌ಷೈರಿನ ದಾಖಲೆ ಭಂಡಾರ ದಿನಚರಿಯ ಪುಟಗಳನ್ನು ಲಿಪ್ಯಂತರಿಸಲು ಸ್ವಯಂಸೇವಕರನ್ನು ಕರೆದಾಗ ನೂರಕ್ಕೂ ಹೆಚ್ಚು ಮಂದಿ ಮುಂದೆ ಬಂದರು. ಹಲವರು ಪಂಡಿತರಲ್ಲ, ಧಾರಾವಾಹಿ ನೋಡಿದವರು, ಅಷ್ಟೆ. ಅಳುಬುರುಕಿಯಂತೆ ಕಾಣುವ ಆ್ಯನ್ ವಾಕರ್ ನಿಜಕ್ಕೂ ಎಂಥವಳೆಂದು ಹುಡುಕಿ ಹೊರಟವರ ಗುಂಪೊಂದು ಕಟ್ಟಿಕೊಂಡಿತು. ೨೦೨೦ರಲ್ಲಿ ದಾಖಲೆಗಳ ನಡುವೆ ಅವಳದೇ ಒಂದು ದಿನಚರಿ, ೧೮೩೪–೩೫ರದು, ಬೆಳಕಿಗೆ ಬಂತು. ಆವರೆಗೆ ನಾವು ಕೇಳುತ್ತಿದ್ದುದು ಒಬ್ಬಳ ದನಿ ಮಾತ್ರ.

ಅಳುಬುರುಕಿಯೆನಿಸಿದ ಇದೇ ವಾಕರ್ ಮಾಡಿದ್ದನ್ನು ನೋಡಿ. ೧೮೪೦ರ ಸೆಪ್ಟೆಂಬರ್ ೨೨ರಂದು ರಷ್ಯದ ಆಳ್ವಿಕೆಯಲ್ಲಿದ್ದ ಜಾರ್ಜಿಯದ ಕುಟಾಯಿಸಿಯಲ್ಲಿ ಲಿಸ್ಟರ್ ಜ್ವರದಿಂದ ತೀರಿಕೊಂಡಳು. ಜೊತೆಯಲ್ಲಿದ್ದ ವಾಕರ್ ಶವವನ್ನು ಪರದೇಶದಲ್ಲಿ ಬಿಟ್ಟುಬರಲಿಲ್ಲ. ಹ್ಯಾಲಿಫ್ಯಾಕ್ಸಿನಲ್ಲಿ ಮಣ್ಣುಮಾಡಿದ್ದು ಮುಂದಿನ ಏಪ್ರಿಲ್ ೨೯ಕ್ಕೆ, ಏಳು ತಿಂಗಳ ಮೇಲೆ. ಧಾರಾವಾಹಿ ಅಲ್ಲಿಯವರೆಗೆ ಹೋಗಲಿಲ್ಲ. ಎರಡನೆಯ ಭಾಗದ ನಂತರ ನಿಂತುಹೋಯಿತು. ನಿಲ್ಲಿಸಬಾರದೆಂದು ಪ್ರೇಕ್ಷಕರು ಕೂಗಿದ್ದರಲ್ಲಿ ನ್ಯಾಯವಿದೆ.

ನನ್ನದೂ ಒಂದು ದೂರಿದೆ. ಕಥೆ ೧೮೩೨ರಲ್ಲಿ ಆರಂಭವಾಗುತ್ತದೆ. ದಿನಚರಿ ಆರಂಭವಾಗುವುದು ೧೮೦೬ರಲ್ಲಿ, ಎಲೈಜಾ ರೇನ್ ಎಂಬ ಹುಡುಗಿ ಊರಿಗೆ ಹೊರಟುಹೋದ ದಿನದ ಬರಹದಿಂದ. ಈ ಎಲೈಜಾ ಮದರಾಸಿನಲ್ಲಿ ಹುಟ್ಟಿದವಳು. ತಂದೆ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ, ತಾಯಿ ಭಾರತೀಯ ಹೆಂಗಸು. ಯಾರ್ಕಿನ ಶಾಲೆಯಲ್ಲಿ ಅವಳಿಗೂ ಲಿಸ್ಟರಳಿಗೂ ಒಂದೇ ಕೋಣೆ. ಗೂಢಲಿಪಿ ಹುಟ್ಟಿದ್ದು ಆ ಇಬ್ಬರ ಓಲೆಗಳಲ್ಲಿ. ಕಾವೇರಿಯ ನೀರು ಸೇರುವ ಅದೇ ಕಡಲ ತೀರದಲ್ಲಿ ಹುಟ್ಟಿದ ಮಗು, ತಾಯಿಯ ಮಾತು ಕೇಳಿಸದ ನಾಡಿನಲ್ಲಿ, ಮೂರನೆಯವರಿಗೆ ತಿಳಿಯದ ಲಿಪಿಯೊಂದನ್ನು ಕಟ್ಟಿಕೊಂಡದ್ದನ್ನು ನೆನೆದರೆ ಮನಸ್ಸು ಭಾರವಾಗುತ್ತದೆ. ಗೆಳತಿ ಬೇರೆಯವರತ್ತ ತಿರುಗಿದಳು. ೧೮೧೪ರಲ್ಲಿ ಬುದ್ಧಿಭ್ರಮಣೆಯೆಂದು ಎಲೈಜಾಳನ್ನು ಯಾರ್ಕಿನ ಬೆಲ್‌ಕೋಂಬ್ ವೈದ್ಯರ ಚಿಕಿತ್ಸಾಗೃಹಕ್ಕೆ ಸೇರಿಸಿದರು. ೧೮೪೩ರಲ್ಲಿ ಶಿಬ್ಡೆನ್ ಮನೆಯ ಬಾಗಿಲು ಮುರಿದು ವಾಕರ್‌ಳನ್ನು ಕರೆದೊಯ್ದದ್ದೂ ಅದೇ ಬೆಲ್‌ಕೋಂಬ್ ಮನೆತನದ ವೈದ್ಯರ ಬಳಿಗೆ.

ವಾಕರ್ ೧೮೫೪ರಲ್ಲಿ ತೀರಿಕೊಂಡಳು. ಎಲೈಜಾ ೧೮೬೦ರವರೆಗೆ ಇದ್ದಳು. ಅವಳ ಸಮಾಧಿ ಯಾರ್ಕಿನ ಪಕ್ಕದ ಆಸ್ಬಾಲ್ಡ್‌ವಿಕ್ ಹಳ್ಳಿಯ ಚರ್ಚಿನಂಗಳದಲ್ಲಿದೆ.