ಹೆಂಚಿನ ಕೂಲಿ, ಅಪ್ಪನ ಆಸ್ತಿ

ಬಾಸೆಲ್ ಮಿಷನ್ ಎಂದೊಡನೆ ನಮಗೆ ನೆನಪಾಗುವುದು ‘ಮಂಗಳೂರ ಸಮಾಚಾರ’ ಮತ್ತು ಕಿಟ್ಟೆಲ್ಲರ ನಿಘಂಟು. ಆ ಮಿಷನ್ನಿನ ಹೆಂಚಿನ ಕಾರ್ಖಾನೆಯ ಮಾತು ಬಂದರೆ, ಕ್ರೈಸ್ತರಾದ ಬಡವರಿಗೆ ಪಾದ್ರಿಗಳು ಕರುಣೆಯಿಂದ ಹುಡುಕಿಕೊಟ್ಟ ಕೆಲಸ ಎಂದಷ್ಟೇ ಹೇಳಿ ಮುಗಿಸುತ್ತೇವೆ. ಕರುಣೆ ಇತ್ತು, ಸುಳ್ಳಲ್ಲ. ಆದರೆ ಆ ಹೊಸ ಕ್ರೈಸ್ತ ಸಂಸಾರಗಳನ್ನು ನೆಲೆ ನಿಲ್ಲಿಸಿದ್ದು ಕರುಣೆಗಿಂತ ಹೆಚ್ಚಾಗಿ ಪೇಟೆ ಎಂಬುದು ನನ್ನ ವಾದ.

1834ರಲ್ಲಿ ಮಿಷನ್ನಿನ ಮೊದಲ ಪಾದ್ರಿಗಳಾದ ಹೆಬಿಕ್, ಲೇನರ್, ಗ್ರೈನರ್ ಮಂಗಳೂರಿಗೆ ಬಂದಾಗ ತುಳುನಾಡಿನ ಬಹುಪಾಲು ಜನರದು ಅಳಿಯಸಂತಾನದ ಕಟ್ಟು. ಆಸ್ತಿ ತಾಯಿಯ ಕುಟುಂಬದ್ದು. ಗಂಡಸಿನ ವಾರಸುದಾರರು ಅವನ ಸೋದರಿಯ ಮಕ್ಕಳು. ಕ್ರೈಸ್ತನಾದವನು ಆ ಕುಟುಂಬದಿಂದ ಹೊರಬಿದ್ದರೆ ಅವನ ಪಾಲಿಗೆ ಉಳಿಯುತ್ತಿದ್ದದ್ದು ಹೆಂಡತಿ ಮಕ್ಕಳು ಮಾತ್ರ, ಹೊಲವಲ್ಲ. ಮತಾಂತರವಾದವರಲ್ಲಿ ಬಿಲ್ಲವರು ಬಹಳ. ಮರದಿಂದ ಕಳ್ಳು ಇಳಿಸುವ ಅವರ ಮೂರ್ತೆ ಕಸುಬು ಮಿಷನ್ನಿಗೆ ಒಪ್ಪಿಗೆಯಾಗಲಿಲ್ಲ. ಹೀಗೆ ಬದುಕು ಕಳೆದುಕೊಂಡವರಿಗೆ ಮಿಷನ್ ಮೊದಲು ಕೊಟ್ಟದ್ದು ಗೇಣಿಯ ಭೂಮಿ. ಉಪದೇಶ ಮಾಡುವವರೇ ಧಣಿಗಳಾದರು, ವಿಶ್ವಾಸಿಗಳೇ ಒಕ್ಕಲಾದರು. ಬಾಕಿ ಗೇಣಿಯ ಲೆಕ್ಕ ದೇವರ ವಾಕ್ಯದ ಜೊತೆ ಕೂಡಿ ಬಾಳುವ ವಸ್ತುವಲ್ಲ. ಮಿಷನ್ ಹೂಡಿದ ಗಡಿಯಾರ ಮಾಡುವ ಪ್ರಯತ್ನವೂ ಬಾಳಲಿಲ್ಲ. ಇವು ಕೆಲಸ ಬೇಕಾದವನನ್ನು ನೋಡಿ ಹೂಡಿದ ಉದ್ಯೋಗಗಳು, ಸರಕು ಬೇಕಾದವನನ್ನು ನೋಡಿ ಅಲ್ಲ.

ನೇಯ್ಗೆ ಬಲ್ಲ ಹಾಲರ್ 1851ರಲ್ಲಿ ಬಂದ ಮೇಲೆ ಲೆಕ್ಕ ಬದಲಾಯಿತು.  1859ರಲ್ಲಿ ಬಾಸೆಲಿನ ಭಕ್ತರು ಪಾಲುಬಂಡವಾಳ ಹಾಕಿ ಪ್ರತ್ಯೇಕ ವ್ಯಾಪಾರ ಕಂಪನಿಯನ್ನೇ ಕಟ್ಟಿದರು. ಪಾಲುದಾರರಿಗೆ ಮಿತಿಯ ಬಡ್ಡಿ, ಉಳಿದ ಲಾಭ ಮಿಷನ್ನಿಗೆ. 1865ರಲ್ಲಿ ಮಿಷನ್ನಿನವರೇ ಆದ ಪ್ಲೆಬ್‌ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆದರು. ಹೊಳೆದಂಡೆಯಲ್ಲಿ ಜೇಡಿಮಣ್ಣು ಸಮೃದ್ಧ. ವರ್ಷಾವರ್ಷ ಮುಳಿಹುಲ್ಲು ಬದಲಿಸಿ, ಬೆಂಕಿಗೆ ಹೆದರುತ್ತಿದ್ದ ಊರುಗಳಿಗೆ ಮಳೆ ತಡೆಯುವ ಹೆಂಚು ಬೇಕಿತ್ತು. ಅದನ್ನು ಕೊಳ್ಳುವವನು ಮಾಡಿದವನ ಮತ ಕೇಳಲಿಲ್ಲ. ಅದೇ 1865ರಲ್ಲಿ ಭಾರತೀಯ ಉತ್ತರಾಧಿಕಾರ ಕಾಯ್ದೆಯೂ ಬಂತು. ಕ್ರೈಸ್ತನ ಆಸ್ತಿ ಅವನ ಹೆಂಡತಿ ಮಕ್ಕಳಿಗೆ ಸಲ್ಲುವ ದಾರಿ ತೆರೆಯಿತು. ಆದರೆ ಕೊಡಲು ಏನಾದರೂ ಇದ್ದರೆ ತಾನೆ ಕಾಯ್ದೆ? ಕೈಗೆ ಬಂದ ರೊಕ್ಕದ ಕೂಲಿ ಆ ‘ಏನಾದರೂ’ ಆಯಿತು. ಕಾರ್ಖಾನೆಯಲ್ಲಿ ಹೆಂಗಸರೂ ದುಡಿದದ್ದರಿಂದ ಒಲೆ ಒಬ್ಬನ ಗಳಿಕೆಯನ್ನೇ ನೆಚ್ಚಿರಲಿಲ್ಲ.

ಇದನ್ನು ಮುಕ್ತ ಮಾರುಕಟ್ಟೆ ಎನ್ನಬಹುದೆ ಎಂದು ಕೇಳುವವರಿದ್ದಾರೆ. ಕೆಲಸ ಕೊಡುವವರೂ ಸಭೆಯ ಶಿಸ್ತು ವಿಧಿಸುವವರೂ ಒಂದೇ ಬಳಗ. ಕುಡಿದವನು ಕರ್ತನಿಗೂ ಧಣಿಗೂ ಒಟ್ಟಿಗೇ ಲೆಕ್ಕ ಕೊಡಬೇಕು. ಆಕ್ಷೇಪ ಗಟ್ಟಿಯಾದದ್ದೇ, ಮೊದಲ ವರ್ಷಗಳಿಗಂತೂ ನಾನು ಅದನ್ನು ಒಪ್ಪುತ್ತೇನೆ. ಆದರೆ ಹೆಂಚಿನ ಲಾಭ ಕಂಡ ಊರಿನವರು ಸುಮ್ಮನಿರಲಿಲ್ಲ. ನೇತ್ರಾವತಿ, ಗುರುಪುರ ಹೊಳೆಗಳ ದಂಡೆಗಳಲ್ಲಿ ಕಥೋಲಿಕರೂ ಹಿಂದೂಗಳೂ ಕಾರ್ಖಾನೆ ಹಾಕಿದರು. ಕೆಲಸ ಬಲ್ಲವನಿಗೆ ಮತ್ತೊಂದು ಬಾಗಿಲು ತೆರೆಯಿತು, ಅಲ್ಲಿಗೆ ಪಾದ್ರಿಯ ಚೀಟಿ ಬೇಕಿರಲಿಲ್ಲ.

ಇನ್ನು, ವಸಾಹತು ಸರ್ಕಾರದ ನೆರಳಿಲ್ಲದೆ ಈ ಪೇಟೆ ಎಲ್ಲಿತ್ತು ಎಂಬ ಮಾತು. ನೆರಳು ಇತ್ತು, ಕೊಡಲಿಯೂ ಸರ್ಕಾರದ ಕೈಯಲ್ಲೇ ಇತ್ತು. ಮೊದಲ ಮಹಾಯುದ್ಧ ಬಂದಾಗ ಜರ್ಮನ್ ನಂಟಿನ ಕಾರಣಕ್ಕೆ ಸರ್ಕಾರ ಮಿಷನ್ನಿನ ಉದ್ಯಮಗಳನ್ನು ಕಿತ್ತುಕೊಂಡಿತು, ಅವು ಆಮೇಲೆ ಕಾಮನ್‌ವೆಲ್ತ್ ಟ್ರಸ್ಟಿನ ಪಾಲಾದವು. ಊರ ಮಾಲೀಕರ ಆವೆಗಳು ಮಾತ್ರ ಉರಿಯುತ್ತಲೇ ಇದ್ದವು.