ದವಡೆ ಮೂಳೆಯ ಅಪರೂಪದ ಗಡ್ಡೆಗಳು: ರೋಗನಿರ್ಣಯ ಕುರಿತು ಸಾರ್ವಜನಿಕರಿಗೆ ಮಾಹಿತಿ

ದವಡೆಯ ಮೂಳೆಯೊಳಗೆ ಹುಟ್ಟುವ ಗಡ್ಡೆಗಳಲ್ಲಿ ಹಲವು ಕ್ಯಾನ್ಸರ್ ಅಲ್ಲ. ಹಲ್ಲನ್ನು ರೂಪಿಸುವ ಅಂಗಾಂಶದಿಂದ ಬೆಳೆಯುವ ಅಮೆಲೋಬ್ಲಾಸ್ಟೋಮಾ ಇವುಗಳಲ್ಲಿ ಪ್ರಮುಖವಾದುದು. ಇದು ಹೆಚ್ಚಾಗಿ ಕೆಳದವಡೆಯ ಹಿಂಭಾಗದಲ್ಲಿ ಕಂಡುಬರುತ್ತದೆ. ದೇಹದ ಇತರ ಭಾಗಗಳಿಗೆ ಹರಡುವುದು ಅತಿ ವಿರಳವಾದರೂ ಸುತ್ತಲಿನ ಮೂಳೆಯನ್ನು ಕರಗಿಸುತ್ತಾ ಬೆಳೆಯುತ್ತದೆ. ಆದ್ದರಿಂದ "ಕ್ಯಾನ್ಸರ್ ಅಲ್ಲ" ಎಂಬುದನ್ನು "ಚಿಕಿತ್ಸೆ ಬೇಕಿಲ್ಲ" ಎಂದು ಭಾವಿಸಬಾರದು.

ಲಕ್ಷಣಗಳು

ನೋವಿಲ್ಲದಿರುವುದೇ ಈ ಗಡ್ಡೆಯ ದೊಡ್ಡ ತೊಡಕು. ಕೆನ್ನೆಯ ಒಂದು ಬದಿ ನಿಧಾನವಾಗಿ ಉಬ್ಬುತ್ತದೆ, ಹಲ್ಲು ಅಲುಗಾಡುತ್ತದೆ ಅಥವಾ ಸ್ಥಳ ಬದಲಿಸುತ್ತದೆ. ನೋವಿಲ್ಲವೆಂದು ವರ್ಷಗಟ್ಟಲೆ ಕಾಯುವವರುಂಟು. ಹಲ್ಲು ಕಿತ್ತ ಜಾಗ ಮಾಯದಿದ್ದಾಗ ಗಡ್ಡೆ ಪತ್ತೆಯಾಗುವುದೂ ಉಂಟು. ಇದು ಎಲೆ ಅಡಿಕೆ, ಹೊಗೆಸೊಪ್ಪಿನಿಂದ ಬರುವುದೆಂದು ಕಂಡುಬಂದಿಲ್ಲ. ಆ ಅಭ್ಯಾಸವಿಲ್ಲದವರೂ ಊತವನ್ನು ಕಡೆಗಣಿಸಬಾರದು.

ಪರೀಕ್ಷೆಗಳು

ಮೊದಲು ಎರಡೂ ದವಡೆಗಳನ್ನು ಒಂದೇ ಚಿತ್ರದಲ್ಲಿ ತೋರಿಸುವ ಓ.ಪಿ.ಜಿ. ಎಂಬ ಕ್ಷ-ಕಿರಣ ಚಿತ್ರವನ್ನು ತೆಗೆಯಲಾಗುತ್ತದೆ. ಅಮೆಲೋಬ್ಲಾಸ್ಟೋಮಾ ಇದರಲ್ಲಿ ಹಲವು ವೇಳೆ ಸೋಪಿನ ನೊರೆಯ ಗುಳ್ಳೆಗಳಂತೆ ಕಾಣುತ್ತದೆ. ಗಡ್ಡೆಯ ವ್ಯಾಪ್ತಿಯನ್ನು ತಿಳಿಯಲು ಸಿ.ಟಿ. ಸ್ಕ್ಯಾನ್ ನೆರವಾಗುತ್ತದೆ.

ಆದರೆ ಚಿತ್ರವೊಂದರಿಂದಲೇ ನಿರ್ಣಯಕ್ಕೆ ಬರುವಂತಿಲ್ಲ. ದವಡೆಯ ನೀರುಗುಳ್ಳೆ, ಕೆರಟೋಸಿಸ್ಟ್ ಹಾಗೂ ದೈತ್ಯಕೋಶ ಗಡ್ಡೆಗಳು ಇದೇ ರೀತಿ ಕಾಣಬಹುದು. ವೈದ್ಯರು ಸೂಜಿಯಿಂದ ಒಳಗಿನ ದ್ರವವನ್ನು ಎಳೆದು ನೋಡುವುದಕ್ಕೂ ಕಾರಣವಿದೆ: ಬರೀ ರಕ್ತ ಬಂದಲ್ಲಿ ಅದು ರಕ್ತನಾಳಗಳ ಗಂಟಾಗಿರಬಹುದು, ಅದನ್ನು ಕೊಯ್ದರೆ ಪ್ರಾಣಾಪಾಯದ ರಕ್ತಸ್ರಾವವಾದೀತು. ಅನಂತರ ಗಡ್ಡೆಯ ಸಣ್ಣ ತುಣುಕನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವ ಬಯಾಪ್ಸಿಯೇ ನಿರ್ಣಾಯಕ. "ಚೂರಿ ತಾಗಿದರೆ ಗಡ್ಡೆ ಹರಡುತ್ತದೆ" ಎಂಬ ಭಯದಿಂದ ಇದನ್ನು ನಿರಾಕರಿಸುವುದು ಸರಿಯಲ್ಲ.

ದೈತ್ಯಕೋಶಗಳು ಕಂಡುಬಂದಲ್ಲಿ ರಕ್ತದಲ್ಲಿನ ಕ್ಯಾಲ್ಸಿಯಂ ಮತ್ತು ಪ್ಯಾರಾಥೈರಾಯ್ಡ್ ಹಾರ್ಮೋನನ್ನೂ ಪರೀಕ್ಷಿಸತಕ್ಕದ್ದು. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಯ ದೋಷದಿಂದ ದವಡೆ ಊದಿಕೊಂಡಿದ್ದರೆ ಮೊದಲು ಚಿಕಿತ್ಸೆ ಬೇಕಾದುದು ಗ್ರಂಥಿಗೆ, ದವಡೆಗಲ್ಲ.

ನಿರ್ಣಯದ ಮಹತ್ವ

ಸಾಮಾನ್ಯ ನೀರುಗುಳ್ಳೆಯನ್ನು ಬಿಡಿಸಿ ತೆಗೆದರೆ ಸಾಕು. ಮೂಳೆಯೊಳಗೆ ಹಬ್ಬಿದ ಅಮೆಲೋಬ್ಲಾಸ್ಟೋಮಾವನ್ನು ಕೇವಲ ಕೆರೆದು ತೆಗೆದಲ್ಲಿ ಮರುಕಳಿಸುವುದು ಹೆಚ್ಚು. ಸಾಮಾನ್ಯವಾಗಿ ಸುತ್ತಲಿನ ಒಂದಿಷ್ಟು ಆರೋಗ್ಯವಂತ ಮೂಳೆಯ ಸಹಿತ ತೆಗೆಯಬೇಕಾಗುತ್ತದೆ. ಬೇಗ ಪತ್ತೆಯಾದಷ್ಟು ಉಳಿಯುವ ದವಡೆ ಹೆಚ್ಚು. 10 ವರ್ಷಗಳ ನಂತರವೂ ಮರುಕಳಿಸಿದ ನಿದರ್ಶನಗಳಿರುವುದರಿಂದ ತಪಾಸಣೆಯನ್ನು ನಿಲ್ಲಿಸಬಾರದು.

ಎಲ್ಲಿ ತೋರಿಸಬೇಕು?

ಕೋಟ ಪರಿಸರದವರು ಎರಡು ವಾರಕ್ಕೂ ಮೀರಿದ ದವಡೆಯ ಊತವನ್ನು ಸಮೀಪದ ಸರ್ಕಾರಿ ಆಸ್ಪತ್ರೆಯಲ್ಲಿ ಅಥವಾ ದಂತವೈದ್ಯರಲ್ಲಿ ತೋರಿಸತಕ್ಕದ್ದು. ಹೆಚ್ಚಿನ ಪರೀಕ್ಷೆಗಾಗಿ ಉಡುಪಿಯ ಜಿಲ್ಲಾ ಆಸ್ಪತ್ರೆ ಅಥವಾ 1965ರಲ್ಲಿ ಆರಂಭವಾದ ಮಣಿಪಾಲದ ದಂತವೈದ್ಯಕೀಯ ಕಾಲೇಜಿನಂತಹ ಸಂಸ್ಥೆಯನ್ನು ಸಂಪರ್ಕಿಸಬಹುದು. ಹಳೆಯ ಕ್ಷ-ಕಿರಣ ಚಿತ್ರಗಳನ್ನೂ ಬಯಾಪ್ಸಿ ವರದಿಯನ್ನೂ ತಪ್ಪದೆ ಜೊತೆಗೆ ಕೊಂಡೊಯ್ಯುವುದು.