ಇಂಗ್ಲಿಷಿನ ‘ಟು’ ಕ್ರಿಯಾರೂಪ: ಕನ್ನಡ ನಾಡಿನಲ್ಲಿ ಅದರ ಪಾಠದ ಚರಿತ್ರೆ

‘ಐ ವಾಂಟ್ ಟು ಗೋ’, ‘ಶಿ ಡಿಸೈಡೆಡ್ ಟು ಸ್ಟೇ’, ‘ಹಿ ಟೋಲ್ಡ್ ಮಿ ಟು ವೇಟ್’. ಹೀಗೆ ಒಂದು ಕ್ರಿಯಾಪದದ ಬೆನ್ನಿಗೆ ‘ಟು’ ಹಚ್ಚಿಕೊಂಡ ಇನ್ನೊಂದು ಕ್ರಿಯೆ ಬರುವ ವಾಕ್ಯಗಳು ಇಂಗ್ಲಿಷಿನಲ್ಲಿ ಹೆಜ್ಜೆಗೊಂದು ಸಿಗುತ್ತವೆ. ವ್ಯಾಕರಣಕಾರರು ಈ ರೂಪವನ್ನು ‘ಟು ಇನ್ಫಿನಿಟಿವ್’ ಎನ್ನುತ್ತಾರೆ. ಕನ್ನಡದ ಶಾಲಾ ವ್ಯಾಕರಣದಲ್ಲಿ ಇದಕ್ಕೆ ಹತ್ತಿರದ್ದು ಕೃದಂತಾವ್ಯಯ: ‘ಮಾಡಲು’, ‘ಮಾಡಲಿಕ್ಕೆ’. ಮಾತಿನಲ್ಲಿ ಅದೇ ಮೈಸೂರು, ಬೆಂಗಳೂರು, ಕೋಲಾರದ ಕಡೆ ‘ಮಾಡೋಕೆ’, ಕರಾವಳಿಯಲ್ಲಿ ‘ಮಾಡ್ಲಿಕ್ಕೆ’, ಉತ್ತರ ಕರ್ನಾಟಕದಲ್ಲಿ ‘ಮಾಡಾಕ’.

ಈ ‘ಟು’ ಹುಟ್ಟುವಾಗ ಕ್ರಿಯೆಯ ಗುರುತಾಗಿರಲಿಲ್ಲ. ‘ಕಡೆಗೆ’, ‘ಅದಕ್ಕೆ’ ಎಂಬರ್ಥದ ಉಪಪದವಾಗಿತ್ತು. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಕ್ರಿಯೆಗೆ ಎರಡು ರೂಪಗಳಿದ್ದವು. ಬರಿದಾದ ‘ಸಿಂಗನ್’ ಒಂದು. ಚತುರ್ಥಿಯ ಪ್ರತ್ಯಯ ಪಡೆದು ‘ಟೋ’ ಜೊತೆ ಬರುವ ‘ಟೋ ಸಿಂಗೆನ್ನೆ’ ಇನ್ನೊಂದು. ಎರಡನೆಯದಕ್ಕೆ ‘ಹಾಡುವುದಕ್ಕೆ’ ಎಂದೇ ಅರ್ಥ. ಮುಂದಿನ ಶತಮಾನಗಳಲ್ಲಿ ಪ್ರತ್ಯಯಗಳು ಸವೆದುಹೋಗಿ ‘ಟು’ ಒಂಟಿಯಾಗಿ ನಿಂತಿತು. ಬರಿದಾದ ರೂಪ ‘ಕ್ಯಾನ್’, ‘ಮಸ್ಟ್’, ‘ವಿಲ್’ ಮುಂತಾದವುಗಳ ಜೊತೆಯಲ್ಲಿ ಉಳಿದುಕೊಂಡಿತು. ‘ಮಸ್ಟ್ ಗೋ’ ಎನ್ನುವಾಗ ‘ಟು’ ಬಾರದಿರುವುದಕ್ಕೆ ಕಾರಣ ಇಷ್ಟೇ.

ಕನ್ನಡದಲ್ಲೂ ಇಂಥದೇ ಕಥೆ ನಡೆದಿದೆ. ಹಳಗನ್ನಡದ ‘ಮಾಡಲ್’ ಎಂಬುದಕ್ಕೆ ಚತುರ್ಥಿ ಸೇರಿ ‘ಮಾಡಲ್ಕೆ’, ‘ಮಾಡಲಿಕ್ಕೆ’ ಆಯಿತು. 1903ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಪ್ರಕಟಿಸಿದ ಕಿಟೆಲ್ ಅವರ ವ್ಯಾಕರಣ ಹಳೆಯ, ನಡುವಿನ, ಹೊಸ ಕನ್ನಡದ ರೂಪಗಳನ್ನು ಒಟ್ಟಿಗಿಟ್ಟು ನೋಡುತ್ತದೆ. ಚತುರ್ಥಿಯಿಲ್ಲದ ಹಳೆಯ ರೂಪ ಕನ್ನಡದಲ್ಲಿಯೂ ಸಾಯಲಿಲ್ಲ. ‘ಪೋಗಲ್ವೇಳ್ಕುಂ’ ಸವೆದು ‘ಹೋಗಬೇಕು’ ಆಯಿತು. ‘ಹೋಗೋಕೆ ಬೇಕು’ ಎಂದು ನಾವು ಹೇಳುವುದಿಲ್ಲ, ‘ಹೋಗಬೇಕು’, ‘ಹೋಗಬಹುದು’ ಎನ್ನುತ್ತೇವೆ. ಆದರೆ ‘ಹೋಗೋಕೆ ಆಗುತ್ತೆ’ ಎನ್ನುತ್ತೇವೆ. ‘ಮಸ್ಟ್ ಗೋ’ ಮತ್ತು ‘ಏಬಲ್ ಟು ಗೋ’ ನಡುವಿನ ಭೇದ ಇದೇ. ನಂಟೇ ಇಲ್ಲದ ಎರಡು ಭಾಷೆಗಳು ಒಂದೇ ದಾರಿ ಹಿಡಿದದ್ದು ಸಣ್ಣ ಸಂಗತಿಯಲ್ಲ. ನಮ್ಮ ಇಂಗ್ಲಿಷ್ ಪಾಠ ಇದನ್ನು ಬಳಸಿಕೊಳ್ಳಲೇ ಇಲ್ಲ ಎಂಬುದು ನನ್ನ ದೊಡ್ಡ ಕೊರಗು.

ಬ್ರಿಟಿಷರ ಕಾಲದ ಶಾಲೆಗಳಲ್ಲಿ ನೆಸ್‌ಫೀಲ್ಡ್, 1930ರ ದಶಕದಿಂದ ರೆನ್ ಮತ್ತು ಮಾರ್ಟಿನ್ ವ್ಯಾಕರಣಗಳು ಆಳಿದವು. ಇನ್ಫಿನಿಟಿವ್ ಎಲ್ಲಿ ನಾಮಪದದ ಕೆಲಸ ಮಾಡುತ್ತದೆ, ಎಲ್ಲಿ ವಿಶೇಷಣದ ಕೆಲಸ ಮಾಡುತ್ತದೆ ಎಂದು ವಿಂಗಡಿಸುವುದೇ ಅಲ್ಲಿ ಮುಖ್ಯ ಅಭ್ಯಾಸ. ಯಾವ ಕ್ರಿಯಾಪದ ‘ಟು’ವನ್ನು ಕರೆಯುತ್ತದೆ, ಯಾವುದು ಒಲ್ಲೆನ್ನುತ್ತದೆ ಎಂಬ ಕಲಿಯುವವರ ನಿಜವಾದ ಪ್ರಶ್ನೆಗೆ ಕ್ರಮವಾದ ಉತ್ತರ ಬಂದದ್ದು ಜಪಾನಿನಿಂದ. ಟೋಕಿಯೊದಲ್ಲಿ ಹೆರಾಲ್ಡ್ ಪಾಮರ್ ಆರಂಭಿಸಿದ ಕೆಲಸವನ್ನು ಎ. ಎಸ್. ಹಾರ್ನ್‌ಬಿ ಮುಂದುವರಿಸಿದರು. ಗೇಟನ್‌ಬಿ, ವೇಕ್‌ಫೀಲ್ಡ್ ಜೊತೆ ಸೇರಿ ಅವರು ರಚಿಸಿದ ನಿಘಂಟು 1942ರಲ್ಲಿ ಟೋಕಿಯೊದಲ್ಲಿಯೇ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ಮರುಮುದ್ರಿಸಿತು. 1954ರ ‘ಎ ಗೈಡ್ ಟು ಪ್ಯಾಟರ್ನ್ಸ್ ಅಂಡ್ ಯೂಸೇಜ್ ಇನ್ ಇಂಗ್ಲಿಷ್’ ಗ್ರಂಥದಲ್ಲಿ ಹಾರ್ನ್‌ಬಿ ಕ್ರಿಯಾಪದಗಳಿಗೆ 25 ಮಾದರಿಗಳನ್ನು ಕೊಟ್ಟರು. ‘ವಾಂಟ್ ಟು ಗೋ’ ಅವುಗಳಲ್ಲಿ ಎರಡನೆಯದು. ‘ವಾಂಟ್ ಹಿಮ್ ಟು ಗೋ’ ಮೂರನೆಯದು. ಕಲಿಯುವವನು ಒಂದು ಕ್ರಿಯಾಪದದ ಮಾದರಿಯನ್ನು ಇನ್ನೊಂದಕ್ಕೆ ತೊಡಿಸಿ ತಪ್ಪುತ್ತಾನೆ. ಆದ್ದರಿಂದ ಪದದ ಅರ್ಥದ ಜೊತೆಗೇ ಅದರ ಮಾದರಿಯನ್ನೂ ಕಲಿಯಬೇಕು ಎಂಬುದು ಅವರ ವಾದ. ಇಂದಿಗೂ ಒಳ್ಳೆಯ ನಿಘಂಟುಗಳು ಈ ಮಾತನ್ನು ಪಾಲಿಸುತ್ತವೆ.

ಈ ಮಾದರಿಗಳು 1950ರ ದಶಕದಲ್ಲಿ ‘ಸ್ಟ್ರಕ್ಚರಲ್ ಅಪ್ರೋಚ್’ ಎಂಬ ಹೆಸರಿನಲ್ಲಿ ಭಾರತಕ್ಕೆ ಬಂದವು. ಅಲಹಾಬಾದಿನಲ್ಲಿ, 1958ರಲ್ಲಿ ಹೈದರಾಬಾದಿನಲ್ಲಿ ತರಬೇತಿ ಸಂಸ್ಥೆಗಳು ತೆರೆದವು. ದಕ್ಷಿಣದ ರಾಜ್ಯಗಳಿಗಾಗಿ ಬೆಂಗಳೂರಿನಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಲ್ಲಿ ಹುಟ್ಟಿತು. ವಾಕ್ಯರಚನೆಗಳನ್ನು ಸುಲಭದಿಂದ ಕಠಿಣಕ್ಕೆ ಜೋಡಿಸಿ, ಪದ ಬದಲಿಸುತ್ತ ಒಂದೇ ಅಚ್ಚಿನ ವಾಕ್ಯ ಕಟ್ಟುವ ‘ಬದಲಿ ಕೋಷ್ಟಕ’ಗಳನ್ನು ಕಪ್ಪು ಹಲಗೆಯ ಮೇಲೆ ಬರೆದು, ತರಗತಿಯೆಲ್ಲ ಒಟ್ಟಾಗಿ ಹೇಳುವುದು ಸ್ಟ್ರಕ್ಚರಲ್ ಅಪ್ರೋಚಿನ ರೀತಿ. ಮಕ್ಕಳ ನಾಲಿಗೆ ತಿರುಗಿತು ನಿಜ. ಆದರೆ ತರಗತಿಯಲ್ಲಿ ಮನೆಮಾತಿಗೆ ಜಾಗ ಕಡಿಮೆಯಾಯಿತು.

ಮುಂದಿನ ತಿರುವು ಬೆಂಗಳೂರಿನದೇ. ಕೋಷ್ಟಕ ಒಪ್ಪಿಸಿದ ಮಕ್ಕಳು ತರಗತಿಯ ಹೊರಗೆ ಅದೇ ವಾಕ್ಯ ಕಟ್ಟಲಾರರು ಎಂಬ ಅತೃಪ್ತಿಯಿಂದ ಇಂಗ್ಲಿಷ್ ಬೋಧನಾ ತಜ್ಞ ಎನ್. ಎಸ್. ಪ್ರಭು 1979ರಿಂದ 1984ರವರೆಗೆ ದಕ್ಷಿಣ ಭಾರತದ ಕೆಲವು ಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿದರು. ಜಗತ್ತು ಅದನ್ನು ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಬಲ್ಲದು. ಅಲ್ಲಿ ರಚನೆಗಳ ಪಟ್ಟಿ ಇರಲಿಲ್ಲ. ರೈಲಿನ ವೇಳಾಪಟ್ಟಿ, ನಕ್ಷೆ ಇಂಥವನ್ನು ಮುಂದಿಟ್ಟು ಮಕ್ಕಳಿಗೆ ಬಿಡಿಸಬೇಕಾದ ಕೆಲಸ ಕೊಡುತ್ತಿದ್ದರು. ಅರ್ಥದ ಹಿಂದೆ ಹೋದರೆ ವ್ಯಾಕರಣ ತಾನಾಗಿ ಕೂಡಿಕೊಳ್ಳುತ್ತದೆ ಎಂಬುದು ನಂಬಿಕೆ. 1985ರಲ್ಲಿ ಪ್ರಕಟವಾದ ಬೆರೆಟ್ಟಾ ಮತ್ತು ಡೇವಿಸ್ ಅವರ ಮೌಲ್ಯಮಾಪನ ಪ್ರಯೋಗಕ್ಕೆ ಬಹುಪಾಲು ಅನುಕೂಲವಾಗಿಯೇ ಇತ್ತು. ರಚನೆಗಳನ್ನೇ ಕೇಳುವ ಪರೀಕ್ಷೆಯಲ್ಲಿ ಮಾತ್ರ ಹಳೆಯ ರೀತಿಯಲ್ಲಿ ಕಲಿತವರು ಮುಂದಿದ್ದರು. ಪ್ರಭು ಅವರ ‘ಸೆಕೆಂಡ್ ಲ್ಯಾಂಗ್ವೇಜ್ ಪೆಡಗಾಜಿ’ 1987ರಲ್ಲಿ ಬಂತು.

ಈ ಪಾಠಗಳು ಬದಿಗಿಟ್ಟ ಮನೆಮಾತು ಏನು ಕಲಿಸಬಲ್ಲದು ಎಂದು ನೋಡಲು ಚಿಕ್ಕಬಳ್ಳಾಪುರ ಜಿಲ್ಲೆಯ ಗೌರಿಬಿದನೂರಿನ ಸೀಮೆಗೆ ಬರೋಣ. ಉತ್ತರ ಪಿನಾಕಿನಿಯ ದಡದ ವಿದುರಾಶ್ವತ್ಥ ಆಂಧ್ರದ ಗಡಿಗೆ ಹತ್ತಿರ. ಇಲ್ಲಿಯ ಎಷ್ಟೋ ಮನೆಗಳಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಶಿಡ್ಲಘಟ್ಟದ ರೇಷ್ಮೆ ಬೀದಿಗಳಲ್ಲಿ ದಖನಿ ಉರ್ದುವೂ ಇದೆ. ‘ಮಾಡೋಕೆ’ ಎಂಬಲ್ಲಿ ಕನ್ನಡದ ‘ಕೆ’, ‘ಚೇಯಡಾನಿಕಿ’ ಎಂಬಲ್ಲಿ ತೆಲುಗಿನ ‘ಕಿ’, ‘ಕರ್ನೇ ಕು’ ಎಂಬಲ್ಲಿ ದಖನಿಯ ‘ಕು’. ಮೂರೂ ಚತುರ್ಥಿ, ಮೂರೂ ಇಂಗ್ಲಿಷಿನ ‘ಟು’ ಮಾಡುವ ಕೆಲಸವನ್ನೇ ಮಾಡುತ್ತವೆ.

ಮಕ್ಕಳಿಗೆ ಅತಿ ಕಷ್ಟವೆನ್ನುವ ‘ಟು’ ಮತ್ತು ‘ಇಂಗ್’ ಭೇದವೂ ಮನೆಮಾತಿನಲ್ಲಿದೆ. ‘ಬಾಗಿಲು ಹಾಕೋಕೆ ಮರೆತೆ’ ಎಂದರೆ ಹಾಕಲಿಲ್ಲ. ‘ಬಾಗಿಲು ಹಾಕಿದ್ದು ಮರೆತೆ’ ಎಂದರೆ ಹಾಕಿದ್ದಾಗಿದೆ. ಮೊದಲನೆಯದು ‘ಫರ್ಗಾಟ್ ಟು ಶಟ್’, ಎರಡನೆಯದು ‘ಫರ್ಗಾಟ್ ಶಟಿಂಗ್’. ‘ಟೀ ಕುಡಿಯೋಕೆ ನಿಂತ’, ‘ಟೀ ಕುಡಿಯೋದು ನಿಲ್ಲಿಸಿದ’. ‘ತೆಗೆಯೋಕೆ ನೋಡಿದೆ’ ಎಂದರೆ ‘ಟ್ರೈಡ್ ಟು ಓಪನ್’, ‘ತೆಗೆದು ನೋಡಿದೆ’ ಎಂದರೆ ‘ಟ್ರೈಡ್ ಓಪನಿಂಗ್’. ‘ಓದಿ ಮುಗಿಸಿದೆ’ ಎಂಬಲ್ಲಿ ‘ಓದೋಕೆ’ ಬರುವುದಿಲ್ಲ. ಇಂಗ್ಲಿಷಿನ ‘ಫಿನಿಶ್’ ಕೂಡ ‘ಟು’ವನ್ನು ಸೇರಿಸುವುದಿಲ್ಲ. ಮುಂದೆ ಆಗಬೇಕಾದ್ದಕ್ಕೆ ‘ಕೆ’, ಆಗಿಹೋದದ್ದಕ್ಕೆ ಬೇರೆ ರೂಪ. ಎಲ್ಲ ಕಡೆಗೂ ಹೊಂದದಿದ್ದರೂ ಬಹಳ ದೂರ ಕೈಹಿಡಿದು ನಡೆಸುವ ಸೂತ್ರವಿದು.

ಹೊಂದದ ಕಡೆಗಳೇ ನಿಜವಾದ ತೊಡಕು. ‘ವಾಂಟ್ ಟು ಗೋ’ ಎಂಬುದಕ್ಕೂ ‘ಮಸ್ಟ್ ಗೋ’ ಎಂಬುದಕ್ಕೂ ನಾವು ‘ಹೋಗಬೇಕು’ ಎನ್ನುತ್ತೇವೆ. ‘ಅವನು ಬರಬೇಕು ಅಂತ ನನಗಾಸೆ’ ಎಂಬ ಮಾತಿನ ನೆರಳಿನಿಂದ ‘ಐ ವಾಂಟ್ ದಟ್ ಹಿ ಶುಡ್ ಕಮ್’ ಹುಟ್ಟುತ್ತದೆ. ಮಾತು ಕೊಡುವಾಗ, ನಿರ್ಧರಿಸುವಾಗ, ಹೇಳಿ ಕಳಿಸುವಾಗ ಕನ್ನಡ ‘ಎಂದು’, ‘ಅಂತ’ ಬಳಸುತ್ತದೆ. ಇಂಗ್ಲಿಷ್ ‘ಟು’ ಬಳಸುತ್ತದೆ. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಧ್ವಜ ಹಾರಿಸಲು ಸೇರಿದ ಸತ್ಯಾಗ್ರಹಿಗಳ ಮೇಲೆ ಪೊಲೀಸರು ಗುಂಡು ಹಾರಿಸಿದ್ದು ಇಲ್ಲಿಯ ಮಕ್ಕಳಿಗೆಲ್ಲ ಗೊತ್ತು. ‘ಧ್ವಜ ಹಾರಿಸಬೇಕೆಂದು ತೀರ್ಮಾನಿಸಿದರು’ ಎಂದು ಆ ಮಕ್ಕಳು ಬಾಯಲ್ಲಿ ಹೇಳಿ, ಪಕ್ಕದಲ್ಲಿ ‘ದೇ ಡಿಸೈಡೆಡ್ ಟು ಹೋಯ್ಸ್ಟ್ ದ ಫ್ಲ್ಯಾಗ್’ ಎಂದು ಬರೆದರೆ ‘ಎಂದು’ ಎಲ್ಲಿ ಬಿದ್ದುಹೋಯಿತು, ‘ಟು’ ಎಲ್ಲಿ ಬಂತು ಎಂಬುದು ಕಣ್ಣಿಗೇ ಕಾಣುತ್ತದೆ. ಹತ್ತು ಕೋಷ್ಟಕಗಳಿಗಿಂತ ಇಂಥ ಒಂದು ಜೋಡಿ ವಾಕ್ಯ ಮೇಲು.

ಕರ್ನಾಟಕದ ಸರ್ಕಾರಿ ಶಾಲೆಗಳಲ್ಲಿ 2007–08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ವಿಷಯವಾಗಿದೆ.  ಚಿಕ್ಕಬಳ್ಳಾಪುರದ ಕಡೆ ಇಂಗ್ಲಿಷ್ ಕಲಿಸುವ ಮೇಷ್ಟ್ರುಗಳಲ್ಲಿ, ಮೇಡಂಗಳಲ್ಲಿ ನನ್ನದೊಂದು ಕೋರಿಕೆ: ‘ಟು’ ಪಾಠ ತೆಗೆದ ದಿನ, ಇಂಗ್ಲಿಷ್ ವಾಕ್ಯ ಬರೆಯುವ ಮೊದಲು, ‘ಮಾಡೋಕೆ’ ಎಂಬುದನ್ನು ಮನೆಯಲ್ಲಿ ಏನನ್ನುತ್ತೀರಿ ಎಂದು ಮಕ್ಕಳನ್ನು ಕೇಳಿ, ಬಂದ ಉತ್ತರಗಳನ್ನೆಲ್ಲ ಹಲಗೆಯ ಮೇಲೆ ಬರೆಯಿರಿ.